ಬೆಕ್ಕಿಗೆ ಗೋಣಿಚೀಲ, ಸೋಫಾಗೆ ಗುಜರಿ: ಇದೇನಾ ನಮ್ ನ್ಯಾಯ?

1/8

ಮೊದಲ ಫೋಟೋ ನಮ್ಮನೆ ಸೋಫಾ. ಎಡಗಡೆ ಕೈ ಇಡೋ ಜಾಗ ನೋಡಿ, ನೇಗಿಲು ಹೊಡೆದ ಹೊಲದ ಥರ ಸಾಲು ಸಾಲು ಗೀರು. ಎರಡನೇ ಫೋಟೋ ಆರೋಪಿ. ಹೆಸರು ಬೆಲ್ಲ, ವಯಸ್ಸು ಎರಡು ವರ್ಷ. ಬಣ್ಣ ನೋಡಿದ್ರೆ ಹೆಸರು ಯಾಕೆ ಅಂತ ಕೇಳೋದೇ ಬೇಡ. ಮೂರನೇ ಫೋಟೋದಲ್ಲಿ ಒಂದು ಖಾಲಿ ಗೋಣಿಚೀಲ ಇದೆ. ಈ ಸೀರೀಸ್ ಶುರುವಾಗಿದ್ದೇ ಅದರಿಂದ.

ಯುಗಾದಿಗೆ ನೆಂಟರು ಬರೋದಿತ್ತು. ಅದಕ್ಕೆ ಹತ್ತು ದಿನ ಮುಂಚೆ ಅಪ್ಪ ಸೋಫಾ ಮೇಲಿನ ಬೆಡ್‌ಶೀಟ್ ತೆಗೆದು ನೋಡಿದ್ರು. ಒಂದು ನಿಮಿಷ ಮಾತಾಡ್ಲಿಲ್ಲ. ಆಮೇಲೆ ಅಡುಗೆಮನೆ ಪಕ್ಕದಿಂದ ಗೋಣಿಚೀಲ ತಂದು ನನ್ ಮುಂದೆ ಹಾಕಿ, "ಭಾನುವಾರದೊಳಗೆ ಇದನ್ನ ಮೀನು ಮಾರ್ಕೆಟ್ ಹತ್ರ ಬಿಟ್ಟು ಬಾ. ಅಲ್ಲಿ ತಿನ್ನೋಕಾದ್ರೂ ಸಿಗುತ್ತೆ" ಅಂದ್ರು.

ನಮ್ಮಪ್ಪ ಕೆಟ್ಟೋರಲ್ಲ. ಆ ಸೋಫಾಗೆ ಎರಡು ವರ್ಷ ಇಎಂಐ ಕಟ್ಟಿದಾರೆ. ಅದರ ಮೇಲೆ ನಾವ್ ಕೂತಿದ್ದಕ್ಕಿಂತ ಅದಕ್ಕೆ ಬೆಡ್‌ಶೀಟ್ ಹೊದಿಸಿಟ್ಟಿದ್ದೇ ಜಾಸ್ತಿ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದ್ರೆ ಅವರು ಕೊಟ್ಟ ತೀರ್ಪನ್ನ ನಾನು ಒಪ್ಪಲ್ಲ. ನಿಮ್ಮನೇಲೂ ಇದೇ ತೀರ್ಪು ಬಂದಿದ್ರೆ ನೀವೂ ಒಪ್ಪಬೇಡಿ. ಅದನ್ನ ಹೇಳೋಕೇ ಇಷ್ಟು ಉದ್ದ ಬರೀತಿದೀನಿ.

ನನ್ನ ವಾದ ಇಷ್ಟೇ. ಗೀರು ಬಿದ್ದ ಲೆದರ್ ರಿಪೇರಿ ಆಗುತ್ತೆ. ಮನೆಯಿಂದ ಆಚೆ ಹಾಕಿದ ಬೆಕ್ಕು ಆಗಲ್ಲ. ಯಾವುದು ಸರಿಮಾಡಬಹುದೋ ಅದನ್ನ ಉಳಿಸ್ಕೊಳ್ಳೋಕೆ, ಸರಿಮಾಡೋಕೆ ಆಗದೇ ಇರೋದನ್ನ ಬಿಸಾಡೋದು ಯಾವ ಲೆಕ್ಕ? ನಾವು ಬಿಕಾಂ ಓದೋರು ಕಣ್ರಪ್ಪ, ಇಷ್ಟಾದ್ರೂ ಲೆಕ್ಕ ಬರ್ಬೇಕಲ್ವಾ?

ಮುಂದಿನ ಪೋಸ್ಟಲ್ಲಿ ಮೀನು ಮಾರ್ಕೆಟ್ ವಿಷಯ.

2/8

"ಮಾರ್ಕೆಟ್ ಹತ್ರ ಬಿಟ್ರೆ ಹೆಂಗೋ ಬದುಕ್ಕೊಳುತ್ತೆ." ಈ ಮಾತು ನಮ್ಮೂರಲ್ಲಿ ಕೇಳದೇ ಇರೋರು ಯಾರೂ ಇಲ್ಲ. ಹೇಳೋರಿಗೆ ಸಮಾಧಾನ, ಕೇಳೋರಿಗೂ ಸಮಾಧಾನ. ಸಮಾಧಾನ ಇಲ್ಲದೇ ಇರೋದು ಚೀಲದೊಳಗೆ ಇರೋ ಜೀವಕ್ಕೆ ಮಾತ್ರ.

ಬೆಕ್ಕು ಜಾಗಕ್ಕೆ ಅಂಟಿಕೊಳ್ಳೋ ಪ್ರಾಣಿ. ತನ್ನ ವಾಸನೆ ಇರೋ ಗೋಡೆ, ತನ್ನ ಕಿಟಕಿ, ತನ್ನ ಮೂಲೆ, ಅದೇ ಅದರ ಪ್ರಪಂಚ. ಮಾರ್ಕೆಟ್ಟಲ್ಲಿ ಆಗ್ಲೇ ಬೇರೆ ಬೆಕ್ಕುಗಳ ಏರಿಯಾ ಇರುತ್ತೆ. ಜೊತೆಗೆ ನಾಯಿ, ಗಾಡಿ. ಅನ್ನ ಮೊಸರು ತಿಂದು ಫ್ಯಾನ್ ಕೆಳಗೆ ಮಲಗ್ತಿದ್ದ ಬೆಕ್ಕು ಅಲ್ಲಿ ಬಿಟ್ಟ ತಕ್ಷಣ ಮೀನು ತಿನ್ನೋಕೆ ಹೋಗಲ್ಲ. ಯಾವುದೋ ಗಾಡಿ ಅಡಿಗೆ ನುಗ್ಗಿ ನಡುಗ್ತಾ ಕೂರುತ್ತೆ.

ಹೋದ್ವರ್ಷ ನಮ್ ಕ್ಲಾಸ್ ಗ್ರೂಪಲ್ಲಿ ಒಂದು ಮೆಸೇಜ್ ಬಂದಿತ್ತು, ನೆನಪಿದ್ಯಾ? "ಯಾರಾದ್ರೂ ಬೆಕ್ಕು ತಗೋತೀರಾ? ಸೋಫಾ ಎಲ್ಲಾ ಹಾಳು ಮಾಡ್ತಿದೆ." ಕೆಳಗೆ ಎಷ್ಟು ಜನ ನಗೋ ಸ್ಟಿಕ್ಕರ್ ಹಾಕಿದ್ವಿ? ನಾನೂ ಹಾಕಿದ್ದೆ. ಮೂರು ದಿನ ಆದ್ಮೇಲೆ "ಪ್ರಾಬ್ಲಂ ಸಾಲ್ವ್ಡ್" ಅಂತ ಇನ್ನೊಂದು ಮೆಸೇಜ್ ಬಂತು. ಹೆಂಗೆ ಸಾಲ್ವ್ ಆಯ್ತು ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಅವತ್ತು ಕೇಳ್ಬೇಕಿತ್ತು. ಅವರ ಹೆಸರು ಇಲ್ಲಿ ಹೇಳಲ್ಲ, ನೀವೂ ಕಮೆಂಟಲ್ಲಿ ಟ್ಯಾಗ್ ಮಾಡ್ಬೇಡಿ. ತಪ್ಪು ಒಬ್ಬರದ್ದಲ್ಲ, ಆ ಸ್ಟಿಕ್ಕರ್‌ಗಳದ್ದೂ ಇದೆ.

ಕಾನೂನು ಏನು ಹೇಳುತ್ತೆ ಅನ್ನೋರಿಗೆ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಓದಿ. ಸರಿಯಾದ ಕಾರಣ ಇಲ್ಲದೆ, ಹಸಿವು ಬಾಯಾರಿಕೆಯಿಂದ ನರಳೋ ಪರಿಸ್ಥಿತೀಲಿ ಪ್ರಾಣೀನ ಬಿಟ್ಟುಹೋಗೋದು ಅಪರಾಧ. ಮೊದಲ ಸಲ ಸಿಕ್ಕಿಬಿದ್ರೆ ದಂಡ ಎಷ್ಟು ಗೊತ್ತಾ? 10 ರೂಪಾಯಿಂದ 50 ರೂಪಾಯಿ. ನಮ್ ಕ್ಯಾಂಟೀನ್ ಮಸಾಲೆ ದೋಸೆಗಿಂತ ಕಡಿಮೆ. ಕಾನೂನಿಗೆ ಹೆದರಿ ಯಾರೂ ಬೆಕ್ಕು ಉಳಿಸ್ಕೊಳ್ಳಲ್ಲ, ಹಾಗಾಗಿ ನಾಚಿಕೆ ಆದ್ರೂ ಇರ್ಬೇಕು.

3/8

ಮೊದಲ ಎರಡು ಪೋಸ್ಟ್ ನೋಡಿ ಒಬ್ಬರು ಮೆಸೇಜ್ ಮಾಡಿದ್ರು: "ಉಗುರು ಪರ್ಮನೆಂಟಾಗಿ ತೆಗೆಸಿಬಿಡಬಹುದಂತಲ್ಲ? ಫಾರಿನ್‌ನಲ್ಲಿ ಮಾಡ್ತಾರಂತೆ."

ನಿಮ್ಮ ಕೈಬೆರಳು ಒಂದ್ಸಲ ನೋಡ್ಕೊಳ್ಳಿ. ಉಗುರು ಇರೋ ತುದಿ ಗಂಟು ಇದೆಯಲ್ಲ, ಬೆಕ್ಕಿನ ಉಗುರು ಬೆಳೆಯೋದು ಆ ತುದಿ ಮೂಳೆಯಿಂದಾನೇ. ಅದಕ್ಕೇ "ಉಗುರು ತೆಗೆಸೋದು" ಅಂದ್ರೆ ಒಂದೊಂದು ಬೆರಳಿನ ತುದಿ ಮೂಳೇನೂ ಕತ್ತರಿಸಿ ತೆಗೆಯೋದು. ಹೆಸರು ಮಾತ್ರ ಮೆನಿಕ್ಯೂರ್ ಥರ ಕೇಳ್ಸುತ್ತೆ. ಆ ಫಾರಿನ್ನಲ್ಲೇ ಇದಕ್ಕೆ ವಿರೋಧ ಇದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲೇ ಇದನ್ನ ನಿಷೇಧ ಮಾಡಿದೆ. ಯುರೋಪಿನ ಎಷ್ಟೋ ದೇಶಗಳಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಸೋಫಾ ಕೈಗೋಸ್ಕರ ಜೀವದ ಬೆರಳು ಕತ್ತರಿಸ್ಬೇಕಾ?

ಬೆಕ್ಕು ಕೆರೆಯೋದು ನಿಮ್ ಮೇಲಿನ ಸೇಡಿಗಲ್ಲ. "ನಾನು ಬೈದಿದ್ದಕ್ಕೆ ಬೇಕಂತಾನೇ ಮಾಡುತ್ತೆ" ಅಂತ ನಮ್ಮಮ್ಮಾನೂ ಹೇಳ್ತಾರೆ. ಅಮ್ಮಾ, ಅದಕ್ಕೆ ಸೀರಿಯಲ್ ನೋಡೋ ಅಭ್ಯಾಸ ಇಲ್ಲ, ಅಷ್ಟೆಲ್ಲಾ ಪ್ಲಾನ್ ಮಾಡಲ್ಲ. ಕೆರೆದಾಗ ಉಗುರಿನ ಮೇಲಿನ ಹಳೇ ಸಿಪ್ಪೆ ಕಳಚಿ ಹೊಸ ಚೂಪು ಬರುತ್ತೆ. ನಿದ್ದೆಯಿಂದ ಎದ್ದ ಮೈ ಉದ್ದಕ್ಕೆ ಚಾಚೋಕೆ ಹಿಡಿತ ಸಿಗುತ್ತೆ. ಪಾದದ ಮೆತ್ತೆಗಳ ನಡುವೆ ಇರೋ ಗ್ರಂಥಿಗಳಿಂದ ವಾಸನೆ ಅಂಟುತ್ತೆ, "ಇದು ನನ್ ಜಾಗ" ಅನ್ನೋ ರುಜು ಥರ.

ಈಗ ಯೋಚ್ನೆ ಮಾಡಿ. ಮನೇಲಿ ಅಲುಗಾಡದ, ಎತ್ತರದ, ಉಗುರು ಕಚ್ಚಿಕೊಳ್ಳೋ ಅಂಥ ವಸ್ತು ಯಾವುದು? ಅದೂ ಎಲ್ಲರೂ ಕೂರೋ ಜಾಗದ ಮಧ್ಯೆ ಇರೋದು? ಸೋಫಾ. ನಾವು ಬೇರೆ ಏನೂ ಕೊಡದೇ, ಇದ್ದಿದ್ದರಲ್ಲಿ ಒಳ್ಳೇದನ್ನ ಅದು ಆರಿಸ್ಕೊಂಡ್ರೆ ಚೀಲ ತರ್ತೀವಿ.

4/8

ಈ ಪೋಸ್ಟ್ ಸೇವ್ ಮಾಡಿಟ್ಕೊಳ್ಳಿ. ಇಲ್ಲೇ ನಮ್ಮನೆ ಕೇಸಿಗೆ ತಿರುವು ಸಿಕ್ಕಿದ್ದು.

ನಮ್ ಕಾಲೇಜ್ ಗೇಟ್ ಎದುರು ಛತ್ರಿ ಕೆಳಗೆ ಕೂತು ಬ್ಯಾಗ್ ಜಿಪ್ಪು, ಚಪ್ಪಲಿ ಉಂಗುಷ್ಠ ಹಾಕಿಕೊಡೋ ಅಣ್ಣ ಇದಾರಲ್ಲ, ನಮ್ಮಲ್ಲಿ ಅರ್ಧ ಜನದ ಬ್ಯಾಗ್ ಅವರ ಕೈಯಲ್ಲೇ ಬದುಕಿರೋದು. ಅವರನ್ನೇ ಕೇಳಿದೆ. ಸಂಜೆ ಮನೆಗೆ ಬಂದ್ರು. ಗೀರು ನೋಡ್ಲೇ ಇಲ್ಲ. ಮೊದ್ಲು ಸೋಫಾನ ಉಲ್ಟಾ ಮಾಡಿಸಿದ್ರು. ಕೆಳಗಿನ ಕಪ್ಪು ಬಟ್ಟೆ ಪಿನ್ನು ಎರಡು ಕಿತ್ತು, ಒಳಗೆ ಮಡಚಿದ್ದ ಅಂಚನ್ನ ಎಳೆದು ತೋರಿಸಿ, "ಇದು ಲೆದರ್ ಅಂತ ಯಾರ್ ಹೇಳಿದ್ರು?" ಅಂದ್ರು.

ಅಂಚಿನ ಹಿಂಭಾಗದಲ್ಲಿ ನೇಯ್ದ ಬಟ್ಟೆ ಇತ್ತು. ರೆಕ್ಸಿನ್. ಅಪ್ಪ ಬಿಲ್ ತಂದು ತೋರಿಸಿದ್ರು, "ಲೆದರ್ ಸೋಫಾ 3+1+1" ಅಂತ ಬರೆದಿದೆ. ಅಣ್ಣ ಕೂರೋ ಜಾಗದ ಕುಷನ್ ಜಿಪ್ ತೆಗೆದ್ರು. ಅದರ ಹಿಂಭಾಗ ಒರಟು ಮಖಮಲ್ ಥರ, ನಾರುನಾರು. ಅದು ಅಸಲಿ. ಅಂದ್ರೆ ಕೂರೋ ಜಾಗ, ಒರಗೋ ಜಾಗ, ಕೈಯ ಮೇಲ್ಭಾಗ ಲೆದರ್. ಪಕ್ಕ, ಹಿಂದೆ, ಕೈಯ ಹೊರಭಾಗ ಎಲ್ಲಾ ರೆಕ್ಸಿನ್. ಬೆಲ್ಲ ಜಾಸ್ತಿ ಕೆರೆದಿದ್ದು ಎಲ್ಲಿ? ಪಕ್ಕದಲ್ಲಿ!

ನಾಲ್ಕು ವರ್ಷದಿಂದ "ನಮ್ ಲೆದರ್ ಸೋಫಾ" ಅಂತ ಬೆಡ್‌ಶೀಟ್ ಹೊದಿಸಿ ಪೂಜೆ ಮಾಡಿದ್ದು ಅರ್ಧ ರೆಕ್ಸಿನ್‌ಗೆ.

ನಿಮ್ಮನೇಲೂ ನೋಡಿ. ಅಂಚಿನ ಹಿಂಭಾಗ ಬಟ್ಟೆ ಇದ್ರೆ ರೆಕ್ಸಿನ್ ಅಥವಾ ಪಿಯು. ನಾರಿನ ಒರಟು ಇದ್ರೆ ಚರ್ಮ. ಇನ್ನೊಂದು ಜಾತಿ ಇದೆ, ಬಾಂಡೆಡ್ ಲೆದರ್: ಚರ್ಮದ ಚೂರುಪಾರು ಪುಡಿಮಾಡಿ ಅಂಟಿಸಿ ಮೇಲೆ ಪ್ಲಾಸ್ಟಿಕ್ ಪದರ ಎಳೆದಿರ್ತಾರೆ. ಪಿಯು, ಬಾಂಡೆಡ್ ಎರಡರಲ್ಲೂ ಆ ಪದರ ಬೆವರು, ತೇವಕ್ಕೆ ಕೆಲವೇ ವರ್ಷದಲ್ಲಿ ಹಪ್ಪಳದ ಥರ ಏಳುತ್ತೆ. ಬೆಕ್ಕೇ ಇಲ್ಲದ ಮನೇಲೂ ಏಳುತ್ತೆ. ಬೆಕ್ಕಿರೋ ಮನೇಲಿ ಮಾತ್ರ ಬೈಗುಳ ಬೆಕ್ಕಿಗೆ.

ಸುಳ್ಳು ಬರೆದ ಬಿಲ್ ಇದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ ಬಿಸಾಡ್ಬೇಡಿ. ಅಂಗಡೀಲಿ ಕೊಳ್ಳೋವಾಗ "ಪಕ್ಕದ್ದೂ ಲೆದರಾ?" ಅಂತ ಕೇಳಿ, ಹಾಗೇ ಬರೆಸ್ಕೊಳ್ಳಿ. ಉಗುರಿಲ್ಲದೇ ಕೆರೆದವರನ್ನ ಬಿಟ್ಟು ಉಗುರಿರೋದನ್ನ ಚೀಲಕ್ಕೆ ಹಾಕೋದು ಬೇಡ.

5/8

ಅಂಗಡಿಯವರಿಗೂ ಫೋನ್ ಮಾಡಿದ್ವಿ. "ಇದು ರಿಪೇರಿ ಆಗಲ್ಲ ಸಾರ್, ಎಕ್ಸ್‌ಚೇಂಜ್‌ಗೆ ಹಾಕಿ, 4,000 ಕೊಡ್ತೀವಿ, ಹೊಸ ಮಾಡೆಲ್ 72,000" ಅಂದ್ರು. ನೋಡ್ಲೂ ಇಲ್ಲ, ಫೋಟೋ ಕೇಳ್ಲೂ ಇಲ್ಲ. ಮಾರೋರ ಬಾಯಲ್ಲಿ "ರಿಪೇರಿ ಆಗಲ್ಲ" ಅಂದ್ರೆ ಎಷ್ಟೋ ಸಲ "ಅದರಿಂದ ನಮಗೆ ಲಾಭ ಇಲ್ಲ" ಅಂತಾನೇ ಅರ್ಥ.

ಇನ್ನೊಂದು ಕಡೆ ರೀಲ್ಸ್ ಪಂಡಿತರು. ಮೂವತ್ತು ಸೆಕೆಂಡಲ್ಲಿ ಸೋಫಾ ಹೊಸದು ಮಾಡ್ತಾರೆ. ಅವರ ಮಾತು ಕೇಳಿ ನಾನೇ ಒಂದು ಮೂಲೆ ಹಾಳು ಮಾಡಿದೀನಿ, ಆ ಫೋಟೋನೂ ಹಾಕಿದೀನಿ. ಒಂದೊಂದಾಗಿ ಹೇಳ್ತೀನಿ.

ಕೊಬ್ಬರಿ ಎಣ್ಣೆ: ಹಚ್ಚಿದ ದಿನ ಮಿರಮಿರ ಹೊಳೆಯುತ್ತೆ, ವಿಡಿಯೋ ಅಲ್ಲಿಗೇ ಮುಗಿಯುತ್ತೆ. ಆಮೇಲೆ ಚರ್ಮ ಎಣ್ಣೆ ಹೀರಿ ಕಪ್ಪಾಗುತ್ತೆ, ಧೂಳು ಅಂಟುತ್ತೆ, ಹಳೇ ಎಣ್ಣೆ ವಾಸನೆ ಬರುತ್ತೆ. ಮುಂದೆ ಬಣ್ಣ ಹಾಕ್ತೀನಿ ಅಂದ್ರೂ ಜಿಡ್ಡಿನ ಮೇಲೆ ನಿಲ್ಲಲ್ಲ. ತೆಂಗಿನ ಸೀಮೆಯವರು ನಾವು, ಎಲ್ಲಕ್ಕೂ ಕೊಬ್ಬರಿ ಎಣ್ಣೇನೇ ಮದ್ದು ಅಂದ್ಕೋತೀವಿ. ಇದಕ್ಕಲ್ಲ.

ಶೂ ಪಾಲಿಶ್: ಶೂ ಮೇಲೆ ಯಾರೂ ಕೂರಲ್ಲ, ಸೋಫಾ ಮೇಲೆ ಕೂರ್ತಾರೆ. ನೆಂಟರ ಬಿಳಿ ಪಂಚೆಗೆ ಕಂದು ಮುದ್ರೆ ಬೀಳುತ್ತೆ.

ಫೆವಿಕ್ವಿಕ್: ಒಣಗಿದ್ಮೇಲೆ ಗಾಜಿನ ಥರ ಗಟ್ಟಿ. ಲೆದರ್ ಬಗ್ಗುತ್ತೆ, ಅದು ಬಗ್ಗಲ್ಲ. ಕೂತ ತಕ್ಷಣ ಅದರ ಪಕ್ಕದಲ್ಲೇ ಹೊಸ ಬಿರುಕು.

ನೇಲ್ ಪಾಲಿಶ್ ರಿಮೂವರ್: ಕೊಳೆ ಜೊತೆ ಲೆದರಿನ ಬಣ್ಣದ ಪದರಾನೂ ಎತ್ಕೊಂಡು ಬರುತ್ತೆ. ನನ್ನ ಮೂಲೆ ಹೋಗಿದ್ದು ಇದರಿಂದಾನೇ.

ಟೂತ್‌ಪೇಸ್ಟ್: ಹಲ್ಲಿಗೆ ಇಟ್ಕೊಳ್ಳಿ.

ಲೈಕ್ ಮಾಡೋಕ್ ಮುಂಚೆ ಒಂದೇ ಪ್ರಶ್ನೆ ಕೇಳಿ: ಈ ವಿಡಿಯೋದಲ್ಲಿ ಆರು ತಿಂಗಳು ಆದ್ಮೇಲಿನ ಫೋಟೋ ಇದ್ಯಾ?

6/8

ಈಗ ಅಸಲಿ ಕೆಲಸ. ಇದು ಮೇಲೆ ಬಣ್ಣದ ಪದರ ಇರೋ ಲೆದರ್‌ಗೆ ಮಾತ್ರ. ಕಾಣದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಂತ್ರೆ ಈ ದಾರಿ. ತಕ್ಷಣ ಹೀರಿ ಕಪ್ಪಾದ್ರೆ ಅದು ಪದರ ಇಲ್ಲದ ಲೆದರ್, ಕೈ ಹಾಕ್ಬೇಡಿ, ಕೆಲಸ ಗೊತ್ತಿರೋರಿಗೆ ಕೊಡಿ.

ಗೀರಲ್ಲಿ ಮೂರು ಆಳ ಇದೆ. ಮೇಲ್ಪದರ ಮಾತ್ರ ತರಚಿದ್ರೆ ಒರೆಸಿ, ಲೆದರ್ ಕಂಡೀಷನರ್ ಹಚ್ಚಿ. ಬಿಳಿ ಗೆರೆ ಉಳಿದ್ರೆ ಅದೇ ಬಣ್ಣ ಸ್ವಲ್ಪ ತಟ್ಟಿದ್ರೆ ಸಾಕು. ನಾರು ಎದ್ದಿದ್ರೆ ಕೆಳಗಿನ ಪೂರ್ತಿ ಕ್ರಮ. ತೂತೇ ಆಗಿದ್ರೆ ಮೊದ್ಲು ತೂತಿನ ಒಳಗಡೆ ಒಂದು ಬಟ್ಟೆ ತುಂಡು ಚಿಮುಟದಲ್ಲಿ ತೂರಿಸಿ, ಬಗ್ಗೋ ಅಂಥ ಅಂಟಲ್ಲಿ ಕೂರಿಸಿ, ಆಮೇಲೆ ಅದೇ ಕ್ರಮ.

ಒಂದು: ಎದ್ದ ನಾರನ್ನ ಎಳೀಬೇಡಿ. ಚಿಕ್ಕ ಕತ್ತರೀಲಿ ಬುಡಕ್ಕೆ ಕತ್ತರಿಸಿ.
ಎರಡು: ಆ ಜಾಗ ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಹಗುರಾಗಿ ಒರೆಸಿ ಜಿಡ್ಡು ತೆಗೀರಿ. ಕಿಟಕಿ ತೆಗೆದಿರ್ಲಿ, ಹತ್ರ ದೀಪ, ಗ್ಯಾಸ್ ಒಲೆ ಬೇಡ.
ಮೂರು: ಲೆದರ್ ಬೈಂಡರ್ ಅನ್ನೋ ಹಾಲಿನಂಥ ದ್ರವ ಸ್ಪಂಜಲ್ಲಿ ಹಚ್ಚಿ. ನಾಲ್ಕೈದು ಕೋಟು, ಪ್ರತಿಸಲ ಒಣಗಿಸಿ. ಸಡಿಲ ನಾರು ಹಿಡ್ಕೊಳುತ್ತೆ. 600 ನಂಬರ್ ಸ್ಯಾಂಡ್‌ಪೇಪರಲ್ಲಿ ಮೆಲ್ಲಗೆ ಉಜ್ಜಿ.
ನಾಲ್ಕು: ಆಳದ ಗೀರಿಗೆ ಫಿಲ್ಲರ್. ಒಂದೇ ಸಲ ತುಂಬಿದ್ರೆ ಬಿರಿಯುತ್ತೆ. ತೆಳ್ಳಗೆ, ಒಣಗಿಸಿ, ಮತ್ತೆ ತೆಳ್ಳಗೆ. ಸಮ ಆಗೋವರೆಗೂ.
ಐದು: ನೀರಿನ ಬೇಸ್ ಇರೋ ಲೆದರ್ ಬಣ್ಣ, ಸ್ಪಂಜಲ್ಲಿ ತಟ್ಟಿ ತಟ್ಟಿ. ಹಸಿ ಇದ್ದಾಗಿನ ಬಣ್ಣ ನಂಬ್ಬೇಡಿ, ಒಣಗಿದ್ಮೇಲೆ ಬೇರೆ ಕಾಣುತ್ತೆ. ಸೋಫಾ ಕೆಳಗೆ ಒಂದು ಮೂಲೇಲಿ ಪರೀಕ್ಷೆ ಮಾಡಿ.
ಆರು: ಮೇಲೆ ಸೀಲರ್. ಇದನ್ನ ಬಿಟ್ರೆ ಬಣ್ಣ ಬಟ್ಟೆಗೆ ಹತ್ತುತ್ತೆ.

ಪೂರ್ತಿ ಒಣಗೋವರೆಗೂ ಬೆಕ್ಕನ್ನ ಬೇರೆ ರೂಮಲ್ಲಿಡಿ. ಪಾದ ನೆಕ್ಕೋ ಪ್ರಾಣಿ, ಕೆಮಿಕಲ್ ಹೊಟ್ಟೆಗೆ ಹೋಗುತ್ತೆ.

ರೆಕ್ಸಿನ್‌ಗೆ ಇದ್ಯಾವುದೂ ಕೆಲಸ ಮಾಡಲ್ಲ, ಅದು ಕಂಡೀಷನರ್ ಹೀರಲ್ಲ. ಆ ಪ್ಯಾನೆಲ್ ಬದಲಾಯಿಸೋದೇ ಸರಿ. ಆಟೋ, ಬೈಕ್ ಸೀಟ್ ಹೊಲಿಯೋ ಕುಷನ್ ಅಂಗಡಿಯವರು ಮಾಡ್ತಾರೆ.

ನಮ್ಮ ಲೆಕ್ಕ: ಕಿಟ್ 1,850, ಎರಡು ಪಕ್ಕದ ಪ್ಯಾನೆಲ್ 2,400. ಒಟ್ಟು 4,250. ನಾಲ್ಕು ಸಂಜೆ. 72,000ದ ಪಕ್ಕದಲ್ಲಿಟ್ಟು ನೋಡಿ.

7/8

ಈ ಪೋಸ್ಟ್ ಹಾಕ್ಲೋ ಬೇಡ್ವೋ ಅಂತ ಎರಡು ದಿನ ಯೋಚ್ನೆ ಮಾಡ್ದೆ.

ಅಣ್ಣ ಸೋಫಾ ನೋಡೋಕೆ ಬಂದ ದಿನ ಅವರು ಕೂತಿದ್ದು ನೆಲದ ಮೇಲೆ. ಪಕ್ಕದಲ್ಲೇ ಐದು ಜನ ಕೂರೋ ಸೋಫಾ ಸೆಟ್ ಖಾಲಿ. ಯಾರೂ "ಮೇಲೆ ಕೂತ್ಕೊಳ್ಳಿ" ಅನ್ಲಿಲ್ಲ. ಕಾಫಿ ಬಂತು, ಪೇಪರ್ ಲೋಟದಲ್ಲಿ. ನಮ್ಮನೇಲಿ ಪೇಪರ್ ಲೋಟ ಇದೆ ಅಂತಾನೇ ನನಗೆ ಗೊತ್ತಿರ್ಲಿಲ್ಲ. ಬೇರೆ ಯಾರೇ ಬಂದ್ರೂ ಸ್ಟೀಲ್ ಲೋಟ. ಅಣ್ಣ ಏನೂ ಆಗದೇ ಇರೋ ಥರ ಕುಡಿದು, ಲೋಟ ಮುದುರಿ, ತಮ್ಮ ಚೀಲದಲ್ಲೇ ಹಾಕ್ಕೊಂಡು ಹೋದ್ರು. ಬಿಸಾಡೋಕೂ ನಮ್ಮನೆ ಡಬ್ಬ ಕೇಳ್ಲಿಲ್ಲ.

ಚರ್ಮ ನಡುಮನೇಲಿ ಇರ್ಬೇಕು, ನೆಂಟರಿಗೆ ತೋರಿಸ್ಬೇಕು, ಅದರ ಮೇಲೆ ಕೂತು ರೀಲ್ಸ್ ಮಾಡ್ಬೇಕು. ಚರ್ಮದ ಕೆಲಸ ಗೊತ್ತಿರೋ ಮನುಷ್ಯ ಮಾತ್ರ ನೆಲದ ಮೇಲೆ. ಬೆಲ್ಲ ಕೆರೆದ ಗೀರು ನಾಲ್ಕು ಸಂಜೇಲಿ ಮುಚ್ಚಿದ್ವಿ. ಈ ಗೀರಿಗೆ ಯಾವ ಫಿಲ್ಲರ್ ತರ್ತೀರಾ?

ಬಸವ ಜಯಂತಿ ದಿನ ನಮ್ಮಲ್ಲಿ ಎಷ್ಟು ಜನ ಸ್ಟೋರಿ ಹಾಕ್ತೀವಿ? ಚಪ್ಪಲಿ ಮಾಡ್ತಿದ್ದ ಹರಳಯ್ಯನವರನ್ನ ಕಲ್ಯಾಣದ ಶರಣರು ತಮ್ಮ ಸಾಲಲ್ಲೇ ಕೂರಿಸ್ಕೊಂಡಿದ್ದು 12ನೇ ಶತಮಾನದಲ್ಲಿ. ನಮ್ಮನೆ ಸೋಫಾ ತನಕ ಅದು ಇನ್ನೂ ಬಂದಿಲ್ಲ.

ಕೂಲಿ ವಿಷಯಾನೂ ಕೇಳಿ. ನೋಡೋಕೆ ಬಂದು, ದಾರಿ ಹೇಳಿಕೊಟ್ಟಿದ್ದಕ್ಕೆ ಅವರು ಕೇಳಿದ್ದು 200. ಅಪ್ಪ "ನೂರೈವತ್ತು ಮಾಡ್ಕೊಳ್ಳಿ" ಅಂದ್ರು. ನಮಗೆ 63,000ಕ್ಕೂ ಜಾಸ್ತಿ ಉಳಿಸಿಕೊಟ್ಟ ಸಲಹೆಗೆ ಐವತ್ತು ರೂಪಾಯಿ ಚೌಕಾಸಿ. ಸುಳ್ಳು ಬಿಲ್ ಕೊಟ್ಟ ಅಂಗಡೀಲಿ ಚೌಕಾಸಿ ಮಾಡದೇ ಇಎಂಐಗೆ ರುಜು ಹಾಕಿದ್ದೂ ಇದೇ ಕೈ. ನಾನೂ ಅಲ್ಲೇ ನಿಂತಿದ್ದೆ, ಬಾಯಿ ಬಿಡ್ಲಿಲ್ಲ. ಮಾರನೇ ದಿನ ಗೇಟ್ ಹತ್ರ ಉಳಿದ ಐವತ್ತು ಕೊಟ್ಟೆ. ಅಷ್ಟರಿಂದ ಸರಿಹೋಯ್ತು ಅಂತ ನಾನೇನೂ ಹೇಳ್ತಿಲ್ಲ.

ಎರಡನೇ ಸಲ, ಬಣ್ಣ ಸರಿಯಾಗಿ ಕೂತಿದ್ಯಾ ನೋಡೋಕೆ ಬಂದಾಗ, ನಾನೇ ಸ್ಟೀಲ್ ಲೋಟದಲ್ಲಿ ಕಾಫಿ ತಂದು "ಮೇಲೆ ಕೂತ್ಕೊಳಣ್ಣ" ಅಂದೆ. "ಬೇಡ ಬಿಡಿ, ಪ್ಯಾಂಟು ಗಲೀಜಾಗಿದೆ" ಅಂದ್ರು. ಪ್ಯಾಂಟು ಗಲೀಜಾಗಿರ್ಲಿಲ್ಲ.

8/8

ಕೊನೇ ಪೋಸ್ಟ್. ಕಮೆಂಟಲ್ಲಿ ಬಂದ ಜಗಳಗಳಿಗೆ ಉತ್ತರ ಕೊಟ್ಟು ಮುಗಿಸ್ತೀನಿ.

"ರಿಪೇರಿ ಮಾಡಿದ್ಮೇಲೆ ಮತ್ತೆ ಕೆರೆಯಲ್ವಾ?" ಕೆರೆಯುತ್ತೆ, ನೀವು ಬೇರೆ ಜಾಗ ಕೊಡದೇ ಇದ್ರೆ. ಅಂಗಡೀಲಿ ಸಿಗೋ ಕೆರೆಯೋ ಕಂಬಕ್ಕೆ ಸುತ್ತಿರೋದು ಸಿಸಲ್, ಅಂದ್ರೆ ನಮ್ ಹಳ್ಳಿ ಬೇಲಿ ಕತ್ತಾಳೆಯ ಜಾತೀದೇ ನಾರು. ನಮ್ ತುಮಕೂರು ಸೀಮೇಲಿ ತೆಂಗಿನ ನಾರಿನ ಹಗ್ಗಕ್ಕೆ ಬರವಾ? ಎರಡೂವರೆ ಮೂರು ಅಡಿ ಮರದ ತುಂಡು, ಕೆಳಗೆ ಅಗಲದ ಹಲಗೆ, ಸುತ್ತ ಹಗ್ಗ ಬಿಗಿಯಾಗಿ. ಅಲುಗಾಡಿದ್ರೆ ಬೆಕ್ಕು ಮತ್ತೆ ಮುಟ್ಟಲ್ಲ. ಅದನ್ನ ಬಾಲ್ಕನೀಲಿ ಇಡ್ಬೇಡಿ, ಕೆರೀತಿದ್ದ ಮೂಲೆ ಪಕ್ಕಾನೇ ಇಡಿ. ಸೋಫಾದ ರೆಕ್ಸಿನ್ ಮೂಲೆಗೆ ಕೆಲವು ವಾರ ಎರಡೂ ಕಡೆ ಅಂಟಿರೋ ಟೇಪ್ ಹಾಕಿ, ಅಂಟು ಪಾದಕ್ಕೆ ಇಷ್ಟ ಆಗಲ್ಲ. ರಿಪೇರಿ ಮಾಡಿದ ಲೆದರ್ ಮೇಲೆ ಟೇಪ್ ಬೇಡ, ಕೀಳೋವಾಗ ಬಣ್ಣಾನೂ ಬರುತ್ತೆ. ಎರಡು ಮೂರು ವಾರಕ್ಕೊಂದ್ಸಲ ಉಗುರಿನ ಚೂಪು ತುದಿ ಮಾತ್ರ ಕತ್ತರಿಸಿ, ಒಳಗಿನ ಗುಲಾಬಿ ಭಾಗ ಮುಟ್ಬೇಡಿ, ರಕ್ತ ಬರುತ್ತೆ. ಹೊಡೀಬೇಡಿ. ಹೊಡೆದ್ರೆ ಕೆರೆಯೋದು ಬಿಡಲ್ಲ, ನಿಮ್ ಹತ್ರ ಬರೋದು ಬಿಡುತ್ತೆ.

"ಎಲ್ಲರಿಗೂ ಕಿಟ್ ತಗೊಳ್ಳೋಕೆ ದುಡ್ಡಿರಲ್ಲ." ನಿಜ. ಹಾಗಾದ್ರೆ ಗೀರು ಹಾಗೇ ಇರ್ಲಿ. ಗೀರಿರೋ ಸೋಫಾ ಮೇಲೂ ಕೂರ್ಬಹುದು.

"ಬೆಕ್ಕಿಗೋಸ್ಕರ ಅಪ್ಪನ ಎದುರು ನಿಲ್ಬೇಕಾ?" ನಿಲ್ಬೇಕು, ಆದ್ರೆ ಬರೀ ಕೂಗಾಡ್ಕೊಂಡಲ್ಲ. ನಾನು ಅತ್ತು ಕರೆದಿದ್ದಕ್ಕೆ ಅಪ್ಪ ಬಗ್ಗಲಿಲ್ಲ. ಸೋಫಾ ಉಲ್ಟಾ ಮಾಡಿ ಬಟ್ಟೆ ತೋರಿಸಿದಾಗ ಸುಮ್ಮನಾದ್ರು. ಲೆಕ್ಕದ ಚೀಟಿ ಕೊಟ್ಟಾಗ ಎರಡು ಸಲ ಓದಿದ್ರು.

ನಮ್ ಸೋಫಾ ಹೊಸದರ ಥರ ಆಗಿಲ್ಲ. ಕಿಟಕಿ ಬೆಳಕು ಓರೆಯಾಗಿ ಬಿದ್ದಾಗ ಎಡಗೈ ಮೇಲೆ ನಾಲ್ಕು ಗೆರೆ ಈಗಲೂ ಕಾಣುತ್ತೆ. ಯುಗಾದಿಗೆ ಬಂದ ನೆಂಟರಲ್ಲಿ ಒಬ್ರೂ ಕೇಳ್ಲಿಲ್ಲ. ಅಪ್ಪ ತಾವಾಗೇ ತೋರಿಸಿ, "ಇಲ್ಲಿತ್ತು ನೋಡಿ, ಮಗು ಸರಿಮಾಡಿದ್ದು" ಅಂದ್ರು. ಹಿಂದೇನೇ "ಆ ಬೆಕ್ಕು ಇದ್ಯಲ್ಲ" ಅಂತ ಬೈದ್ರು ಕೂಡ.

ಕೊನೇ ಫೋಟೋದಲ್ಲಿ ಅದೇ ಗೋಣಿಚೀಲ. ಹಗ್ಗ ಸಾಲದೇ ಇದ್ದಾಗ ಕಂಬದ ಕೆಳಭಾಗಕ್ಕೆ ಅದನ್ನೇ ಸುತ್ತಿದೀವಿ. ಬೆಲ್ಲ ಈಗ ದಿನಾ ಬೆಳಿಗ್ಗೆ ಎದ್ದು ಅದನ್ನ ಕೆರೆದು ಚಿಂದಿ ಮಾಡ್ತಿದೆ.

ನಿಮ್ಮನೆ ಸೋಫಾ ಉಲ್ಟಾ ಮಾಡಿ ಅಂಚಿನ ಫೋಟೋ ಕಳ್ಸಿ, ಲೆದರೋ ರೆಕ್ಸಿನ್ನೋ ಒಟ್ಟಿಗೇ ನೋಡೋಣ. ಯಾರಾದ್ರೂ ಗ್ರೂಪಲ್ಲಿ "ಬೆಕ್ಕು ತಗೋತೀರಾ" ಅಂತ ಹಾಕಿದ್ರೆ ಈ ಸಲ ಸ್ಟಿಕ್ಕರ್ ಬೇಡ. ಫೋನ್ ಮಾಡಿ.

#ಬೆಕ್ಕು_ಬಿಸಾಡಬೇಡಿ #ರಿಪೇರಿ_ಮಾಡಿ #ಬೆಲ್ಲನ_ಕೇಸು